ಸೋಲನ್ನೂ ಬರೆದಿಟ್ಟ ಶಸ್ತ್ರವೈದ್ಯ

ನಾನು ಕಣ್ಣಿನ ವೈದ್ಯ. ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದಲ್ಲಿ ಮೂವತ್ತೆಂಟು ವರ್ಷ ವೃತ್ತಿ ನಡೆಸಿ ಈಗ ನಿವೃತ್ತನಾಗಿದ್ದೇನೆ. ಪೊರೆ ತೆಗೆಸಿಕೊಂಡು ಹೋದ ಸಾವಿರಾರು ಜನರ ಮುಖಗಳು ನನಗೆ ನೆನಪಿಲ್ಲ. ನೆನಪಿರುವುದು 1987ರಲ್ಲಿ ಬಂದ ಹನ್ನೊಂದು ವರ್ಷದ ಒಬ್ಬ ಹುಡುಗ. ಶಾಲಾ ಮಾಸ್ತರರೊಬ್ಬರ ಮಗ. ತಲೆನೋವು, ಕರಿಹಲಗೆಯ ಅಕ್ಷರ ಮಸುಕು ಎಂಬುದು ದೂರು. ಕನ್ನಡಕ ಬರೆದುಕೊಟ್ಟೆ. ನಾಲ್ಕು ತಿಂಗಳಲ್ಲಿ ಮತ್ತೆ ಬಂದ, ನಂಬರು ಬದಲಿಸಿದೆ. ಮೂರನೆಯ ಸಲವೂ ಅದನ್ನೇ ಮಾಡಿದೆ. ಹುಡುಗ ಓರಗೆಯವರಷ್ಟು ಎತ್ತರಕ್ಕೆ ಬೆಳೆಯುತ್ತಿಲ್ಲ, ರಾತ್ರಿಯಿಡೀ ಎದ್ದೆದ್ದು ಚೊಂಬುಗಟ್ಟಲೆ ನೀರು ಕುಡಿಯುತ್ತಾನೆ ಎಂದು ತಾಯಿ ಎರಡು ಬಾರಿ ಹೇಳಿದ್ದರು. ಅದು ಕಣ್ಣಿನ ವಿಷಯವಲ್ಲವೆಂದು ನಾನು ಕಿವಿಗೆ ಹಾಕಿಕೊಂಡಿರಲಿಲ್ಲ.

ನಾಲ್ಕನೆಯ ಸಲ ಅವನು ನನ್ನ ಕೋಣೆಯೊಳಗೆ ಬರುವಾಗ ಬಲ ಭುಜ ಬಾಗಿಲ ಚೌಕಟ್ಟಿಗೆ ತಾಗಿತು. ಕುರ್ಚಿಯತ್ತ ತಿರುಗುವಾಗ ಎಡ ಮೊಣಕೈ ಮೇಜಿಗೆ ಬಡಿಯಿತು. ಆಗ ಎದುರಿಗೆ ಕುಳ್ಳಿರಿಸಿ, ನನ್ನ ಮೂಗನ್ನೇ ನೋಡುತ್ತಿರಲು ಹೇಳಿ, ಒಂದೊಂದೇ ಕಣ್ಣನ್ನು ಮುಚ್ಚಿಸಿ, ಪಕ್ಕದಿಂದ ಬೆರಳು ಆಡಿಸುತ್ತ ತಂದೆ. ಎರಡು ನಿಮಿಷದ ಪರೀಕ್ಷೆ. ಎರಡೂ ಕಣ್ಣುಗಳ ಹೊರಭಾಗದ ಅರ್ಧ ಲೋಕ ಅವನಿಗೆ ಇರಲೇ ಇಲ್ಲ. ತಲೆಬುರುಡೆಯ ಪಕ್ಕದ ಎಕ್ಸ್‌ರೇ ತೆಗೆಸಿದಾಗ ಮಿದುಳಿನ ತಳದ ಪುಟ್ಟ ಗುಳಿ ಅಗಲಗೊಂಡಿತ್ತು, ಅದರ ಮೇಲೆ ಸುಣ್ಣದ ಚುಕ್ಕಿಗಳು ಕಂಡವು. ಅಂದೇ ರಾತ್ರಿಯ ಬಸ್ಸಿಗೆ ಬೆಂಗಳೂರಿಗೆ ಕಳುಹಿಸಿದೆ. ತಲೆಬುರುಡೆ ತೆರೆದು ಗಡ್ಡೆ ತೆಗೆದರು. ಜೀವ ಉಳಿಯಿತು, ಒಂದು ಕಣ್ಣಿನ ದೃಷ್ಟಿ ಉಳಿಯಿತು. ಮೊದಲ ಭೇಟಿಯಲ್ಲೇ ಆ ಎರಡು ನಿಮಿಷ ಕೊಟ್ಟಿದ್ದರೆ ಬಹುಶಃ ಇನ್ನೊಂದೂ ಉಳಿಯುತ್ತಿತ್ತು.

ಆ ವರ್ಷ ನನಗೆ ಪಾಠ ಹೇಳಿದ್ದ ಹಿರಿಯರೊಬ್ಬರ ಬಳಿ ಹೋಗಿ ಇದನ್ನೆಲ್ಲ ಹೇಳಿಕೊಂಡೆ. ಅವರು ಸಮಾಧಾನ ಹೇಳಲಿಲ್ಲ. ಕಪಾಟಿನಿಂದ ದಪ್ಪನೆಯ ಒಂದು ಪುಸ್ತಕ ತೆಗೆದುಕೊಟ್ಟರು. ಅಮೆರಿಕದ ಶಸ್ತ್ರವೈದ್ಯ ಹಾರ್ವೆ ಕುಶಿಂಗ್ ಅವರ ಜೀವನ ಚರಿತ್ರೆ, ಜಾನ್ ಫುಲ್ಟನ್ 1946ರಲ್ಲಿ ಬರೆದದ್ದು. ಅಂದಿನಿಂದ ಕುಶಿಂಗ್ ಅವರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತ ಬಂದಿದ್ದೇನೆ. ಕುಶಿಂಗ್ ಸಿಂಡ್ರೋಮ್ ಎಂಬ ಕಾಯಿಲೆಯ ಹೆಸರಿನಲ್ಲಿ ಇಂದಿಗೂ ವೈದ್ಯ ವಿದ್ಯಾರ್ಥಿಗಳು ದಿನನಿತ್ಯ ಉಚ್ಚರಿಸುವ ಆ ಮನುಷ್ಯನ ಕಥೆ ಶುರುವಾಗುವುದು ಗೆಲುವಿನಿಂದಲ್ಲ.

ಮೊದಲು ಆ ಗ್ರಂಥಿಯ ಬಗ್ಗೆ ಎರಡು ಮಾತು. ಪಿಟ್ಯುಟರಿ ಒಂದು ಬಟಾಣಿ ಕಾಳಿನಷ್ಟು ದೊಡ್ಡದು. ತೂಕ ಅರ್ಧ ಗ್ರಾಂ ಆಸುಪಾಸು. ಮೂಗಿನ ಬೇರಿನ ಹಿಂದೆ, ಮಿದುಳಿನ ಕೆಳಗೆ, ಕುದುರೆಯ ಜೀನಿನ ಆಕಾರದ ಮೂಳೆಯ ಗುಳಿಯಲ್ಲಿ ಅದು ಕುಳಿತಿದೆ. ದೇಹದ ಬೆಳವಣಿಗೆ, ಮೈನೆರೆಯುವುದು, ಥೈರಾಯ್ಡ್ ಮತ್ತು ಅಡ್ರಿನಲ್ ಗ್ರಂಥಿಗಳ ಕೆಲಸ, ಮೂತ್ರದಲ್ಲಿ ಎಷ್ಟು ನೀರು ಹೋಗಬೇಕೆಂಬ ಲೆಕ್ಕ, ಇವೆಲ್ಲದರ ಆಡಳಿತ ಅಲ್ಲಿಂದ ನಡೆಯುತ್ತದೆ. ಅದರ ನೆತ್ತಿಯ ಮೇಲೆಯೇ ಎರಡೂ ಕಣ್ಣುಗಳ ನರಗಳು ಬಂದು ಒಂದನ್ನೊಂದು ಹಾಯುತ್ತವೆ. ಹೀಗೆ ದಾಟಿಹೋಗುವ ಎಳೆಗಳು ನಮ್ಮ ಎರಡೂ ಪಕ್ಕಗಳ ನೋಟವನ್ನು ಹೊತ್ತೊಯ್ಯುವಂಥವು. ಕೆಳಗಿನಿಂದ ಗಡ್ಡೆ ಒತ್ತಿದರೆ ಮೊದಲು ಸಾಯುವುದು ಆ ಎಳೆಗಳೇ. ರೋಗಿ ಕುದುರೆಗೆ ಕಣ್ಣುಪಟ್ಟಿ ಕಟ್ಟಿದಂತೆ ಮುಂದಿನದನ್ನಷ್ಟೇ ನೋಡುತ್ತಾನೆ, ಆದರೆ ಅದು ಅವನಿಗೂ ಬೇಗ ಗೊತ್ತಾಗುವುದಿಲ್ಲ. ಗ್ರಂಥಿಯ ಮೇಲ್ಭಾಗದಲ್ಲಿ ಹಸಿವು, ನಿದ್ದೆ, ದೇಹದ ಕಾವುಗಳನ್ನು ಕಾಯುವ ಹೈಪೊಥಲಾಮಸ್ ಇದೆ. ಇಷ್ಟು ಬೆಲೆಬಾಳುವ ವಸ್ತುಗಳನ್ನು ಇಷ್ಟು ಇಕ್ಕಟ್ಟಾಗಿ ಜೋಡಿಸಿದ ಜಾಗ ದೇಹದಲ್ಲಿ ಇನ್ನೊಂದಿಲ್ಲ.

ಹಾರ್ವೆ ಕುಶಿಂಗ್ ಹುಟ್ಟಿದ್ದು 1869ರ ಏಪ್ರಿಲ್ 8ರಂದು, ಅಮೆರಿಕದ ಓಹಾಯೊ ರಾಜ್ಯದ ಕ್ಲೀವ್‌ಲ್ಯಾಂಡಿನಲ್ಲಿ. ತಂದೆ, ತಾತ, ಮುತ್ತಾತ ಎಲ್ಲರೂ ವೈದ್ಯರು. ಹತ್ತು ಮಕ್ಕಳಲ್ಲಿ ಇವರೇ ಕಿರಿಯರು. ಯೇಲ್‌ನಲ್ಲಿ ಪದವಿ ಮುಗಿಸಿ ಹಾರ್ವರ್ಡ್ ವೈದ್ಯಕೀಯ ಶಾಲೆ ಸೇರಿದರು. ಆಗ ವಿದ್ಯಾರ್ಥಿಗಳೇ ರೋಗಿಗಳಿಗೆ ಈಥರ್ ಕೊಟ್ಟು ಪ್ರಜ್ಞೆ ತಪ್ಪಿಸುವ ಪದ್ಧತಿಯಿತ್ತು. ಅದಕ್ಕೆ ತರಬೇತಿಯೆಂಬುದು ಹೆಸರಿಗೂ ಇರಲಿಲ್ಲ. ಕುಶಿಂಗ್ ಈಥರ್ ಕೊಟ್ಟ ರೋಗಿಯೊಬ್ಬ ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆಯೇ ಸತ್ತ. ಇಂಥದ್ದು ಆಗಾಗ ಆಗುತ್ತದೆ ಎಂದು ಹಿರಿಯರು ಮುಂದಿನ ಕೆಲಸಕ್ಕೆ ಹೊರಟರು. ಕುಶಿಂಗ್ ವೈದ್ಯಕೀಯವನ್ನೇ ಬಿಟ್ಟುಬಿಡುವ ಯೋಚನೆ ಮಾಡಿದರು. ಬಿಡಲಿಲ್ಲ. ಸಹಪಾಠಿ ಅರ್ನೆಸ್ಟ್ ಕಾಡ್‌ಮನ್ ಜೊತೆ ಸೇರಿ, ಶಸ್ತ್ರಚಿಕಿತ್ಸೆ ನಡೆಯುವಷ್ಟು ಹೊತ್ತೂ ರೋಗಿಯ ನಾಡಿ, ಉಸಿರಾಟಗಳನ್ನು ಕಾಗದದ ಮೇಲೆ ಗುರುತಿಸುತ್ತ ಹೋಗುವ ಪಟ್ಟಿಯೊಂದನ್ನು ರೂಪಿಸಿದರು. ಯಾರ ಕೈಯಲ್ಲಿ ರೋಗಿ ಹೆಚ್ಚು ನೆಮ್ಮದಿಯಿಂದ ಏಳುತ್ತಾನೆಂದು ಗೆಳೆಯರಿಬ್ಬರೂ ಒಂದು ರಾತ್ರಿಯೂಟದ ಪಂದ್ಯ ಕಟ್ಟಿದ್ದರಂತೆ. ಇಂದು ಜಗತ್ತಿನ ಯಾವ ಆಪರೇಷನ್ ಕೊಠಡಿಯಲ್ಲೂ ಇಂಥದೊಂದು ದಾಖಲೆ ಇಲ್ಲದೆ ಅರಿವಳಿಕೆ ಕೊಡುವುದಿಲ್ಲ.

1896ರಲ್ಲಿ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಗೆ ಹೋದರು. ಗುರು ವಿಲಿಯಂ ಹಾಲ್‌ಸ್ಟೆಡ್ ನಿಧಾನದ, ರಕ್ತ ಹನಿಯದಂಥ ಶಸ್ತ್ರಚಿಕಿತ್ಸೆಯ ಪ್ರವರ್ತಕರು. ನೆರೆಮನೆಯ ವಿಲಿಯಂ ಆಸ್ಲರ್ ಇನ್ನೊಂದು ಬಗೆಯ ಗುರು. 1900-01ರಲ್ಲಿ ಯುರೋಪ್ ಪ್ರವಾಸ ಮಾಡಿ ಬರ್ನ್ ನಗರದ ಥಿಯೊಡೋರ್ ಕೋಕರ್ ಅವರ ಬಳಿ ತಲೆಬುರುಡೆಯೊಳಗಿನ ಒತ್ತಡಕ್ಕೂ ರಕ್ತದೊತ್ತಡಕ್ಕೂ ಇರುವ ನಂಟನ್ನು ಪ್ರಯೋಗಗಳಿಂದ ತೋರಿಸಿದರು. ಇಟಲಿಯ ಪವಿಯಾದಲ್ಲಿ ರೀವಾ-ರೋಚಿ ಎಂಬ ವೈದ್ಯರು ಮಾಡಿದ್ದ, ತೋಳಿಗೆ ಪಟ್ಟಿ ಕಟ್ಟಿ ರಕ್ತದೊತ್ತಡ ಅಳೆಯುವ ಉಪಕರಣ ಕಂಡು ಅದರ ನಕ್ಷೆ ಬರೆದುಕೊಂಡು ಬಂದು ಅಮೆರಿಕದಲ್ಲಿ ಬಳಕೆಗೆ ತಂದರು. ಮನೆ ಮನೆಗಳಲ್ಲಿ ಬಿ.ಪಿ. ನೋಡಿಕೊಳ್ಳುವ ನಮ್ಮ ಕಾಲದವರಿಗೆ ಈ ಋಣದ ಅರಿವಿಲ್ಲ.

ಹಿಂದಿರುಗಿದ ವರ್ಷವೇ, 1901ರಲ್ಲಿ, ಅವರ ಬಳಿಗೆ ಹದಿಹರೆಯದ ಒಬ್ಬ ಹುಡುಗಿ ಬಂದಳು. ತಲೆನೋವು, ವಾಂತಿ, ದೃಷ್ಟಿ ದಿನೇದಿನೇ ಕುಂದುತ್ತಿತ್ತು, ಮೈ ದಪ್ಪವಾಗಿತ್ತು, ವಯಸ್ಸಿಗೆ ತಕ್ಕ ಬೆಳವಣಿಗೆಯಿಲ್ಲ, ಮೈನೆರೆದಿರಲಿಲ್ಲ. ಮಿದುಳಿನಲ್ಲಿ ಗಡ್ಡೆಯಿದೆಯೆಂದು ಕುಶಿಂಗ್ ಊಹಿಸಿದರು. ಎಲ್ಲಿದೆಯೆಂದು ತಿಳಿಯಲಿಲ್ಲ. ಒಂದಕ್ಕಿಂತ ಹೆಚ್ಚು ಬಾರಿ ತಲೆಬುರುಡೆ ತೆರೆದರು, ಗಡ್ಡೆ ಸಿಗಲಿಲ್ಲ. ಹುಡುಗಿ ತೀರಿಕೊಂಡಳು. ಮರಣೋತ್ತರ ಪರೀಕ್ಷೆಯಲ್ಲಿ ಪಿಟ್ಯುಟರಿಯ ಜಾಗದಲ್ಲಿ ನೀರುಗುಳ್ಳೆಯಂಥ ದೊಡ್ಡ ಗಡ್ಡೆ ಕಂಡಿತು. ಅದೇ 1901ರಲ್ಲಿ ವಿಯೆನ್ನಾದ ಆಲ್ಫ್ರೆಡ್ ಫ್ರೋಲಿಕ್ ಎಂಬ ವೈದ್ಯರು ಇಂಥದೇ ಲಕ್ಷಣಗಳಿದ್ದ ಹುಡುಗನನ್ನು ಪರೀಕ್ಷಿಸಿ, ರೋಗಿ ಬದುಕಿರುವಾಗಲೇ ಗಡ್ಡೆ ಪಿಟ್ಯುಟರಿಯ ಬಳಿ ಇದೆಯೆಂದು ಪ್ರಕಟಿಸಿದ್ದರು. ಲಕ್ಷಣಗಳೆಲ್ಲ ಕುಶಿಂಗ್ ಅವರ ಕಣ್ಣೆದುರೇ ಇದ್ದವು. ಹುಡುಗಿಯ ಸ್ಥೂಲಕಾಯವನ್ನೂ ಬೆಳೆಯದ ದೇಹವನ್ನೂ ದೃಷ್ಟಿಯನ್ನೂ ಒಂದೇ ದಾರದಲ್ಲಿ ಪೋಣಿಸಿ ನೋಡುವುದು ಮಾತ್ರ ಹೊಳೆದಿರಲಿಲ್ಲ.

ಇಲ್ಲಿಗೆ ಬಂದಾಗ ನಾನು ಪುಸ್ತಕ ಮುಚ್ಚಿಟ್ಟೆ. ಮಾಸ್ತರರ ಮಗನ ನೀರಿನ ಚೊಂಬು ನೆನಪಾಯಿತು.

ಬಹುತೇಕ ಶಸ್ತ್ರವೈದ್ಯರು ಇಂಥ ಕಡತವನ್ನು ಬೀರುವಿನ ತಳಕ್ಕೆ ತಳ್ಳುತ್ತಿದ್ದರು. ಕುಶಿಂಗ್ 1906ರಲ್ಲಿ ಅದನ್ನು ವಿವರವಾಗಿ ಪ್ರಕಟಿಸಿದರು. ಮುಂದಿನ ಮೂವತ್ತು ವರ್ಷಗಳ ಅವರ ದುಡಿಮೆ ಆ ಹುಡುಗಿಯ ಕಡತದಿಂದ ಬೆಳೆದದ್ದು ಎಂದು ನಾನು ನಂಬಿದ್ದೇನೆ. ಬಾಲ್ಟಿಮೋರ್‌ನ ಪ್ರಯೋಗಾಲಯದಲ್ಲಿ ನಾಯಿಗಳ ಪಿಟ್ಯುಟರಿ ತೆಗೆದು, ಅದು ಇಲ್ಲದೆ ಪ್ರಾಣಿ ಹೇಗೆ ಸೊರಗುತ್ತದೆಂದು ನೋಡಿದರು. ಅತಿಯಾಗಿ ಕೆಲಸ ಮಾಡುವ ಗ್ರಂಥಿ ಒಂದು ಬಗೆಯ ಕಾಯಿಲೆ ತಂದರೆ ಮಂದವಾದ ಗ್ರಂಥಿ ಇನ್ನೊಂದು ಬಗೆಯದನ್ನು ತರುತ್ತದೆಂಬ ಸರಳ ಚೌಕಟ್ಟು ರೂಪುಗೊಂಡದ್ದು ಹೀಗೆ.

1909ರ ಮಾರ್ಚ್‌ನಲ್ಲಿ ದಕ್ಷಿಣ ಡಕೋಟದ ಒಬ್ಬ ರೈತನಿಗೆ ಅವರು ಶಸ್ತ್ರಚಿಕಿತ್ಸೆ ಮಾಡಿದರು. ಕೈಕಾಲು, ದವಡೆ, ಮೂಗು ದಪ್ಪವಾಗುತ್ತಲೇ ಹೋಗುವ ಆಕ್ರೊಮೆಗಾಲಿ ಎಂಬ ಕಾಯಿಲೆ ಆತನದು. ತಲೆಬುರುಡೆ ತೆರೆದು ಮಿದುಳನ್ನು ಎತ್ತಿ ಹಿಡಿಯುವ ಬದಲು ಮೂಗಿನ ಹಿಂದಿನ ಮೂಳೆಯ ಪೊಳ್ಳಿನ ಮೂಲಕ ಗ್ರಂಥಿಯನ್ನು ತಲುಪಿದರು. ಈ ದಾರಿಯಲ್ಲಿ ಮೊದಲು ಹೋದವರು ಆಸ್ಟ್ರಿಯದ ಹೆರ್ಮನ್ ಶ್ಲಾಫರ್, 1907ರಲ್ಲಿ. ಕುಶಿಂಗ್ ಅದನ್ನು ತಿದ್ದಿ, ಮೇಲ್ತುಟಿಯ ಒಳಗಡೆ ಕೊಯ್ದು, ಮುಖದ ಮೇಲೆ ಗಾಯದ ಗುರುತೇ ಉಳಿಯದಂತೆ ಮಾಡಿದರು. ಹಣೆಗೆ ಕಟ್ಟಿದ ದೀಪದ ಬೆಳಕಿನಲ್ಲಿ ಬೆರಳಗಲದ ಸುರಂಗದ ತುದಿಯ ಗಡ್ಡೆಯನ್ನು ಕೆರೆದು ತೆಗೆಯಬೇಕು. ಆಂಟಿಬಯಾಟಿಕ್ ಇಲ್ಲ, ರಕ್ತನಿಧಿ ಇಲ್ಲ. ಪಿಟ್ಯುಟರಿ ಸೋತಾಗ ರೋಗಿಯನ್ನು ಬದುಕಿಸುವ ಕಾರ್ಟಿಸೋನ್ ಔಷಧಿಯಾಗಿ ಕೈಗೆ ಬರಲು ಇನ್ನೂ ನಾಲ್ಕು ದಶಕ ಬೇಕಿತ್ತು. ಆದರೂ 1910ರಿಂದ 1925ರವರೆಗೆ ಈ ದಾರಿಯಲ್ಲಿ ಅವರು ಮಾಡಿದ 231 ಶಸ್ತ್ರಚಿಕಿತ್ಸೆಗಳಲ್ಲಿ ಸಾವಿನ ಪ್ರಮಾಣ ಶೇ 5.6 ಮಾತ್ರ.

1912ರಲ್ಲಿ ಪಿಟ್ಯುಟರಿ ಮತ್ತು ಅದರ ವಿಕಾರಗಳ ಕುರಿತ ಅವರ ಗ್ರಂಥ ಹೊರಬಂತು. ಗೆದ್ದ ರೋಗಿಗಳೂ ಸೋತ ರೋಗಿಗಳೂ ಅದರಲ್ಲಿ ಸಮಾನವಾಗಿ, ಚಿತ್ರಸಹಿತವಾಗಿ ಇದ್ದಾರೆ. ಅವರಲ್ಲಿ ರಷ್ಯದಿಂದ ವಲಸೆ ಬಂದಿದ್ದ 23 ವರ್ಷದ ಕುಳ್ಳಗಿನ ಯುವತಿಯೊಬ್ಬಳು. ಮುಖ ದುಂಡಗೆ ಊದಿತ್ತು, ಹೊಟ್ಟೆ ದಪ್ಪ, ಕೈಕಾಲು ಸಣಕಲು, ಚರ್ಮದ ಮೇಲೆ ನೇರಳೆ ಗೆರೆಗಳು, ಮುಟ್ಟು ನಿಂತಿತ್ತು. ಇದೇನೆಂದು ಆಗ ಅವರಿಗೆ ಖಚಿತವಾಗಲಿಲ್ಲ. ಹಲವು ಗ್ರಂಥಿಗಳ ಕಾಯಿಲೆ ಎಂದಷ್ಟೇ ಬರೆದು, ಕಡತವನ್ನು ತೆರೆದೇ ಇಟ್ಟುಕೊಂಡರು.

ಅದೇ 1912ರಲ್ಲಿ ಬಾಸ್ಟನ್ನಿಗೆ ಹೊರಟರು. ಹಾರ್ವರ್ಡ್‌ನ ಪ್ರಾಧ್ಯಾಪಕತ್ವ, ಹೊಸ ಪೀಟರ್ ಬೆಂಟ್ ಬ್ರಿಗಮ್ ಆಸ್ಪತ್ರೆಯ ಮುಖ್ಯ ಶಸ್ತ್ರವೈದ್ಯರ ಹುದ್ದೆ. ಇಲ್ಲಿನ ಕೆಲಸದಲ್ಲಿ ನನ್ನಂಥ ಕಣ್ಣಿನವರಿಗೆ ಹತ್ತಿರವಾದದ್ದು, ಕ್ಲಿಫರ್ಡ್ ವಾಕರ್ ಎಂಬ ನೇತ್ರವೈದ್ಯರ ಜೊತೆ 1915ರ ಸುಮಾರಿಗೆ ಅವರು ಪ್ರಕಟಿಸಿದ ದೃಷ್ಟಿಕ್ಷೇತ್ರದ ಅಧ್ಯಯನಗಳು. ಗಡ್ಡೆ ಬೆಳೆದಂತೆ ನೋಟದ ಯಾವ ಮೂಲೆ ಮೊದಲು ಕತ್ತಲಾಗುತ್ತದೆ, ಅಲ್ಲಿಂದ ಕತ್ತಲು ಎತ್ತ ಹರಿಯುತ್ತದೆ, ಶಸ್ತ್ರಚಿಕಿತ್ಸೆಯ ನಂತರ ಯಾವ ಕ್ರಮದಲ್ಲಿ ಬೆಳಕು ಹಿಂದಿರುಗುತ್ತದೆ ಎಂದು ವೃತ್ತಾಕಾರದ ನಕ್ಷೆಗಳಲ್ಲಿ ತೋರಿಸಿದರು. ಸಿ.ಟಿ., ಎಂ.ಆರ್.ಐ.ಗಳಿಲ್ಲದ ಕಾಲದಲ್ಲಿ ರೋಗಿಯ ಕಣ್ಣೇ ಮಿದುಳಿನೊಳಗಿಳಿಯುವ ಕಿಟಕಿ. ಆ ಕಿಟಕಿ ಇಂದೂ ಮುಚ್ಚಿಲ್ಲ. ಎಂ.ಆರ್.ಐ. ಇರುವುದು ನಗರದಲ್ಲಿ, ಅಲ್ಲಿಗೆ ಕಳುಹಿಸಬೇಕೆಂದು ಹೊಳೆಯಬೇಕಾದದ್ದು ಊರಿನ ವೈದ್ಯನ ಕೋಣೆಯಲ್ಲಿ.

ವ್ಯಕ್ತಿಯಾಗಿ ಕುಶಿಂಗ್ ಪ್ರೀತಿಸಲು ಸುಲಭರಲ್ಲ. ರೋಗಿಗಳೊಡನೆ ಅಪಾರ ಮೃದು, ಸಹಾಯಕರೊಡನೆ ಕಟುಕ. ನಾಲಗೆ ಹರಿತ, ಹೊಗಳಿಕೆ ಅಪರೂಪ. ಗಂಟೆಗಟ್ಟಲೆ ನಿಂತು ಶಸ್ತ್ರಚಿಕಿತ್ಸೆ ಮಾಡಿ, ಕೈಗವಸು ಕಳಚಿದೊಡನೆ ಕುಳಿತು ಕಂಡದ್ದನ್ನು ಪೆನ್ಸಿಲಿನಲ್ಲಿ ಚಿತ್ರಿಸುತ್ತಿದ್ದರು. ಆ ಚಿತ್ರಗಳು ಕಲಾವಿದನ ಕೈಯವು. ಮನೆಗೆ ಕೊಟ್ಟ ಸಮಯ ಕಡಿಮೆ. ಮರಣೋತ್ತರ ಪರೀಕ್ಷೆಯ ಹಟ ಎಷ್ಟೆಂದರೆ, ಪಿಟ್ಯುಟರಿಯ ಕಾಯಿಲೆಯಿಂದ ದೈತ್ಯಾಕಾರಕ್ಕೆ ಬೆಳೆದಿದ್ದ ಒಬ್ಬ ವ್ಯಕ್ತಿ ಸತ್ತಾಗ, ಮನೆಯವರಿಗೆ ತಿಳಿಯದಂತೆ ಶಿಷ್ಯರನ್ನು ಕಳುಹಿಸಿ ಅಂತ್ಯಕ್ರಿಯೆಗೆ ಮುನ್ನ ಗ್ರಂಥಿಯನ್ನು ತೆಗೆಸಿದ್ದುಂಟು. ಜ್ಞಾನದ ಹಸಿವೆಂದು ಇದನ್ನು ಮನ್ನಿಸುವವರಿದ್ದಾರೆ. ನನಗೆ ಅದು ಕಳ್ಳತನವಾಗಿಯೇ ಕಾಣುತ್ತದೆ.

ಮೊದಲ ಮಹಾಯುದ್ಧದಲ್ಲಿ ಅವರು ಫ್ರಾನ್ಸಿನಲ್ಲಿದ್ದರು. ತಲೆಗೆ ಗುಂಡು ತಗುಲಿದ ಸೈನಿಕರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸಾಯುತ್ತಿದ್ದ ಕಡೆ, 1917ರ ಮೂರು ತಿಂಗಳಲ್ಲಿ ಆ ಪ್ರಮಾಣವನ್ನು ಶೇ 30ರ ಆಸುಪಾಸಿಗೆ ಇಳಿಸಿದರು. ಅದೇ ವರ್ಷದ ಆಗಸ್ಟಿನಲ್ಲಿ ಗುರು ಆಸ್ಲರ್ ಅವರ ಏಕೈಕ ಮಗ ರೆವಿಯರ್ ಗಾಯಗೊಂಡು ಸತ್ತಾಗ ಪಕ್ಕದಲ್ಲಿದ್ದವರು ಕುಶಿಂಗ್. ಮುಂದೆ ಆಸ್ಲರ್ ಅವರ ಜೀವನ ಚರಿತ್ರೆ ಬರೆದು 1926ರಲ್ಲಿ ಪುಲಿಟ್ಜರ್ ಬಹುಮಾನ ಪಡೆದರು. ಆ ವರ್ಷವೇ ಜೂನ್ ತಿಂಗಳಲ್ಲಿ ಅವರ ಹಿರಿಯ ಮಗ, ಯೇಲ್‌ನಲ್ಲಿ ಓದುತ್ತಿದ್ದ ವಿಲಿಯಂ, ಕಾರು ಅಪಘಾತದಲ್ಲಿ ಸತ್ತ. ಸುದ್ದಿ ದೂರವಾಣಿಯಲ್ಲಿ ಬಂದಾಗ ಅಂದಿನ ರೋಗಿ ಸಿದ್ಧವಾಗಿದ್ದರು. ಕುಶಿಂಗ್ ಹೆಂಡತಿಗೆ ವಿಷಯ ತಿಳಿಸಿ, ಒಳಗೆ ಹೋಗಿ, ಶಸ್ತ್ರಚಿಕಿತ್ಸೆಯನ್ನು ಪೂರೈಸಿಯೇ ಹೊರಟರು. ಇದನ್ನು ನಿಷ್ಠೆಯೆನ್ನಬೇಕೋ ಬೇರೇನನ್ನಬೇಕೋ, ಮೂವರು ಮಕ್ಕಳ ತಂದೆಯಾದ ನನಗೆ ಇಂದಿಗೂ ತೀರ್ಮಾನಿಸಲಾಗಿಲ್ಲ.

ಮಿದುಳಿನ ಗಡ್ಡೆಯೆಂದರೆ ಮರಣಪತ್ರವೇ ಆಗಿದ್ದ ಕಾಲದಲ್ಲಿ ವೃತ್ತಿಗೆ ಬಂದವರು, ಕೊನೆಯ ವರ್ಷಗಳಲ್ಲಿ ಶಸ್ತ್ರಚಿಕಿತ್ಸೆಯ ಸಾವುಗಳನ್ನು ನೂರಕ್ಕೆ ಹತ್ತಕ್ಕಿಂತ ಕೆಳಗಿಳಿಸಿದ್ದರು. 1931ರ ಏಪ್ರಿಲ್‌ನಲ್ಲಿ ಅವರ ಎರಡು ಸಾವಿರದನೆಯ ಗಡ್ಡೆಯ ಶಸ್ತ್ರಚಿಕಿತ್ಸೆ ನಡೆಯಿತು. ಈ ಲೆಕ್ಕವನ್ನು ಒಂದು ಕಪ್ಪು ಪುಸ್ತಕದಲ್ಲಿ ಬರೆದಿಡುತ್ತ ಬಂದವರು ಲೂಯಿಸ್ ಐಸೆನ್‌ಹಾರ್ಟ್ ಎಂಬ ಮಹಿಳೆ. ಕುಶಿಂಗ್ ಅವರ ಕಾರ್ಯದರ್ಶಿಯಾಗಿ ಸೇರಿ, ತಾವೇ ವೈದ್ಯಕೀಯ ಓದಿ, ಮಿದುಳಿನ ಗಡ್ಡೆಗಳ ಗುರುತಿನಲ್ಲಿ ಪರಿಣತರಾದವರು. ಯಾವ ರೋಗಿ ಬದುಕಿದ, ಎಷ್ಟು ವರ್ಷ ಬದುಕಿದ, ಹೇಗೆ ಸತ್ತ ಎಂಬುದೆಲ್ಲ ಆ ಪುಸ್ತಕದಲ್ಲಿತ್ತು. ಊರಿಗೆ ಮರಳಿದ ರೋಗಿಗಳಿಗೆ ವರ್ಷವರ್ಷ ಪತ್ರ ಬರೆದು ಯೋಗಕ್ಷೇಮ ವಿಚಾರಿಸುತ್ತಿದ್ದರು. ಶಿಷ್ಯರ ಹೆಸರು ಇತಿಹಾಸದಲ್ಲಿ ಉಳಿದಷ್ಟು ಆಕೆಯದು ಉಳಿಯಲಿಲ್ಲ.

1932ರಲ್ಲಿ ಆ ತೆರೆದ ಕಡತ ಮುಚ್ಚಿತು. ದುಂಡು ಮುಖದ ಯುವತಿಯ ಲಕ್ಷಣಗಳೇ ಇದ್ದ ಹನ್ನೆರಡು ರೋಗಿಗಳನ್ನು ಒಟ್ಟಿಗಿಟ್ಟು, ಪಿಟ್ಯುಟರಿಯ ಒಂದು ಬಗೆಯ ಜೀವಕೋಶಗಳ ಕಿರುಗಡ್ಡೆಯೇ ಇದರ ಮೂಲವೆಂದು ಕುಶಿಂಗ್ ವಾದಿಸಿದರು. ಅಡ್ರಿನಲ್ ಗ್ರಂಥಿಯ ಗಡ್ಡೆಯಿಂದಲೂ ಇದೇ ಚಿತ್ರ ಮೂಡುವುದನ್ನು ಕಂಡವರು ಅನುಮಾನಿಸಿದರು. ಎರಡೂ ಸರಿಯೆಂದು ಮುಂದೆ ಗೊತ್ತಾಯಿತು: ಪಿಟ್ಯುಟರಿ ಅಡ್ರಿನಲ್‌ಗೆ ಹುಕುಂ ಕಳುಹಿಸುತ್ತದೆ, ಹುಕುಂ ಹೆಚ್ಚಾದರೂ, ಹುಕುಮಿಲ್ಲದೆ ಅಡ್ರಿನಲ್ ತಾನೇ ಅತಿಯಾದರೂ ದೇಹಕ್ಕೆ ಆಗುವ ಅನಾಹುತ ಒಂದೇ. ಅದೇ 1932ರ ಗ್ರಂಥದಲ್ಲಿ, ಮಾಸ್ತರರ ಮಗನ ತಲೆಯೊಳಗಿದ್ದಂಥ ಗಡ್ಡೆಗೆ ಕ್ರೇನಿಯೊಫ್ಯಾರಿಂಜಿಯೋಮ ಎಂಬ ಹೆಸರನ್ನು ಅವರು ಬಳಕೆಗೆ ತಂದರು. ಭ್ರೂಣದಲ್ಲಿ ಬಾಯಿಯ ಛಾವಣಿಯಿಂದ ಪಿಟ್ಯುಟರಿ ಮೇಲಕ್ಕೆ ಸಾಗುವಾಗ ದಾರಿಯಲ್ಲಿ ಉಳಿದುಹೋದ ಕೋಶಗಳಿಂದ ಇದು ಹುಟ್ಟುತ್ತದೆಂದು ವಿಯೆನ್ನಾದ ಯಾಕೊಬ್ ಎರ್ಡ್‌ಹೈಮ್ 1904ರಲ್ಲಿಯೇ ಗುರುತಿಸಿದ್ದರು. ಕ್ಯಾನ್ಸರ್ ಅಲ್ಲ, ಬೇರೆಡೆ ಹರಡುವುದಿಲ್ಲ. ಆದರೆ ದೃಷ್ಟಿ ನರಕ್ಕೆ, ರಕ್ತನಾಳಕ್ಕೆ, ಹೈಪೊಥಲಾಮಸ್‌ಗೆ ಹಲಸಿನ ಮೇಣದಂತೆ ಅಂಟಿಕೊಳ್ಳುತ್ತದೆ. ಪೂರ್ತಿ ಕಿತ್ತರೆ ಅಂಟಿದ್ದೂ ಕಿತ್ತು ಬರುತ್ತದೆ; ಬಿಟ್ಟರೆ ಮತ್ತೆ ಬೆಳೆಯುತ್ತದೆ. ಸಾವಿರಾರು ಗಡ್ಡೆಗಳನ್ನು ಕಂಡ ಕುಶಿಂಗ್ ಇದರ ಮುಂದೆ ಮಾತ್ರ ಕೊನೆಯವರೆಗೂ ಸಮಾಧಾನ ಕಾಣಲಿಲ್ಲ.

ಮೂಗಿನ ದಾರಿಯನ್ನು ಅವರು ಕೈಬಿಟ್ಟದ್ದು ಇಲ್ಲಿ ಹೇಳಲೇಬೇಕಾದ ವಿಷಯ. 1920ರ ದಶಕದ ಕೊನೆಯ ಹೊತ್ತಿಗೆ ಅವರು ಸಂಪೂರ್ಣವಾಗಿ ತಲೆಬುರುಡೆಯ ದಾರಿಗೆ ತಿರುಗಿದರು. ಕಾರಣಗಳಿದ್ದವು. ಗಡ್ಡೆ ಮೇಲಕ್ಕೆ ಎಷ್ಟು ಹಬ್ಬಿದೆಯೆಂದು ಎಕ್ಸ್‌ರೇ ತೋರಿಸುತ್ತಿರಲಿಲ್ಲ. ಸುರಂಗದ ಕತ್ತಲಲ್ಲಿ ಕೆಳಗಿನದನ್ನು ಕೆರೆದು ಬಂದರೆ ಮೇಲಿನದು ಉಳಿಯುತ್ತಿತ್ತು. ತಲೆಬುರುಡೆ ತೆರೆದರೆ ದೃಷ್ಟಿ ನರಗಳನ್ನು ಕಣ್ಣಾರೆ ಕಂಡು ಬಿಡಿಸಬಹುದಿತ್ತು. ಅವರ ಕೈಗೆ ಅದು ಸಾಧ್ಯವೂ ಇತ್ತು. ಆದರೆ ಕುಶಿಂಗ್ ಬಿಟ್ಟರೆಂಬ ಒಂದೇ ಕಾರಣಕ್ಕೆ ಜಗತ್ತಿನ ಬಹುಪಾಲು ಶಸ್ತ್ರವೈದ್ಯರೂ ಬಿಟ್ಟರು. ಅವರಷ್ಟು ಕೈಚಳಕವಿಲ್ಲದವರೂ ಮಿದುಳನ್ನೆತ್ತಿ ಹಿಡಿಯುವ ದೊಡ್ಡ ಶಸ್ತ್ರಚಿಕಿತ್ಸೆಗೆ ಕೈಹಾಕಿದರು. ದೊಡ್ಡವರ ತೀರ್ಮಾನಕ್ಕೆ ಇರುವ ತೂಕ ಅದರ ಕಾರಣಗಳಿಗಿಂತ ಹೆಚ್ಚಾದಾಗ ಹೀಗಾಗುತ್ತದೆ. ನಮ್ಮ ವೈದ್ಯ ಕಾಲೇಜುಗಳಲ್ಲಿಯೂ ನಾನು ಇದನ್ನು ಕಂಡಿದ್ದೇನೆ.

ದಾರಿ ಪೂರ್ತಿ ಮುಚ್ಚಿಹೋಗದಂತೆ ಕಾಯ್ದವರು ಕೆಲವೇ ಮಂದಿ. ವಿಯೆನ್ನಾದಿಂದ ಬಾಸ್ಟನ್ನಿಗೆ ವಲಸೆ ಬಂದ ಆಸ್ಕರ್ ಹಿರ್ಷ್ ಒಬ್ಬರು. ಇನ್ನೊಬ್ಬರು ಎಡಿನ್‌ಬರೋದ ನಾರ್ಮನ್ ಡಾಟ್. 1923-24ರಲ್ಲಿ ಬಾಸ್ಟನ್ನಿನಲ್ಲಿ ಕುಶಿಂಗ್ ಅವರಿಂದಲೇ ಕಲಿತು ಊರಿಗೆ ಮರಳಿದ ಡಾಟ್, ಗುರು ಬಿಟ್ಟ ಮೇಲೂ ಆ ಶಸ್ತ್ರಚಿಕಿತ್ಸೆಯನ್ನು ಸದ್ದಿಲ್ಲದೆ ಮುಂದುವರಿಸಿದರು. 1956ರಲ್ಲಿ ಪ್ಯಾರಿಸ್ಸಿನ ಝೆರಾರ್ ಗಿಯೊ ಅಲ್ಲಿಗೆ ಹೋಗಿ ನೋಡಿ ಕಲಿತರು. ಗಿಯೊ ಅವರಿಂದ ಕೆನಡದ ಮಾಂಟ್ರಿಯಲ್‌ನ ಜೂಲ್ ಹಾರ್ಡಿ ಕಲಿತು, 1960ರ ದಶಕದಲ್ಲಿ ಸುರಂಗದ ಬಾಯಿಗೆ ಸೂಕ್ಷ್ಮದರ್ಶಕ ತಂದು ನಿಲ್ಲಿಸಿದರು. ಕತ್ತಲು ಹೋಯಿತು. ಗ್ರಂಥಿಯನ್ನು ಉಳಿಸಿ ಒಳಗಿನ ಸಾಸಿವೆಯಷ್ಟು ಗಡ್ಡೆಯನ್ನು ಮಾತ್ರ ತೆಗೆಯುವುದು ಸಾಧ್ಯವಾಯಿತು. ಕುಶಿಂಗ್ ಹೆಸರಿನ ಕಾಯಿಲೆಗೆ ಇಂದು ಮೊದಲ ಚಿಕಿತ್ಸೆ ಅವರೇ ಕೈಬಿಟ್ಟ ಆ ದಾರಿಯದು. 1990ರ ದಶಕದಿಂದ ಸೂಕ್ಷ್ಮದರ್ಶಕದ ಜಾಗಕ್ಕೆ ಎಂಡೊಸ್ಕೋಪ್ ಬಂದಿದೆ.

1932ರಲ್ಲಿ ಹಾರ್ವರ್ಡ್‌ನಿಂದ ನಿವೃತ್ತರಾಗಿ ಮರುವರ್ಷ ಯೇಲ್‌ಗೆ ಹಿಂದಿರುಗಿದರು. ಬಿಡದ ಧೂಮಪಾನದಿಂದ ಕಾಲಿನ ರಕ್ತನಾಳಗಳು ಕಟ್ಟಿ, ನಡೆಯುವುದೂ ಕಷ್ಟವಾಗಿತ್ತು. 1939ರ ಅಕ್ಟೋಬರ್ 7ರಂದು ಹೃದಯಾಘಾತದಿಂದ ತೀರಿಕೊಂಡರು. ಜೀವನವಿಡೀ ಇತರರ ಮರಣೋತ್ತರ ಪರೀಕ್ಷೆಗೆ ಹಟ ಹಿಡಿದವರ ಪರೀಕ್ಷೆಯೂ ನಡೆಯಿತು. ಮಿದುಳಿನ ನಡುವಿನ ಮೂರನೆಯ ಕುಹರದಲ್ಲಿ, ಪಿಟ್ಯುಟರಿಯಿಂದ ತುಸುವೇ ಮೇಲೆ, ಸುಮಾರು ಒಂದು ಸೆಂಟಿಮೀಟರ್ ಗಾತ್ರದ ಕೊಲಾಯ್ಡ್ ಗುಳ್ಳೆಯೊಂದಿತ್ತು. ತೊಂದರೆ ಕೊಡದೆ ಸುಮ್ಮನೆ ಕುಳಿತಿದ್ದ ಅಪರೂಪದ ಗಡ್ಡೆ. ಇಂಥ ಗುಳ್ಳೆಯನ್ನು 1921ರಲ್ಲಿ ಮೊದಲು ಯಶಸ್ವಿಯಾಗಿ ತೆಗೆದವರು ವಾಲ್ಟರ್ ಡ್ಯಾಂಡಿ. ಬಾಲ್ಟಿಮೋರ್‌ನಲ್ಲಿ ಕುಶಿಂಗ್ ಅವರ ಕಿರಿಯ ಸಹಾಯಕರಾಗಿದ್ದು, ಮುಂದೆ ಅವರೊಡನೆ ಜೀವಮಾನದ ಜಗಳ ಕಟ್ಟಿಕೊಂಡವರು.

ರೋಗಿಗಳ ಮಿದುಳು, ಗಡ್ಡೆಗಳನ್ನಿಟ್ಟ ನೂರಾರು ಗಾಜಿನ ಭರಣಿಗಳನ್ನೂ ಸಾವಿರಾರು ಛಾಯಾಚಿತ್ರಗಳನ್ನೂ ಕುಶಿಂಗ್ ತಮ್ಮೊಡನೆ ಯೇಲ್‌ಗೆ ತಂದಿದ್ದರು. ಐಸೆನ್‌ಹಾರ್ಟ್ ಅವುಗಳನ್ನು ಕಾಯ್ದರು. ಅವರ ನಂತರ ಭರಣಿಗಳು ವಿದ್ಯಾರ್ಥಿನಿಲಯದ ನೆಲಮಾಳಿಗೆ ಸೇರಿ ಮರೆತುಹೋದವು. 1990ರ ದಶಕದಲ್ಲಿ ವೈದ್ಯ ವಿದ್ಯಾರ್ಥಿಗಳು ಕುತೂಹಲಕ್ಕೆ ಇಳಿದು ನೋಡಿ ಬೆಳಕಿಗೆ ತಂದರು. 2010ರಲ್ಲಿ ಯೇಲ್‌ನ ವೈದ್ಯ ಗ್ರಂಥಾಲಯದಲ್ಲಿ ಅವುಗಳಿಗೊಂದು ಶಾಶ್ವತ ನೆಲೆಯಾಯಿತು. ಆ ಛಾಯಾಚಿತ್ರಗಳನ್ನು ನಾನು ಬಹಳ ಹೊತ್ತು ನೋಡಿದ್ದೇನೆ. ಬೆಳೆಯದ ಮಕ್ಕಳು, ದವಡೆ ದಪ್ಪವಾದ ಗಂಡಸರು, ಮುಖ ಊದಿದ ಹೆಂಗಸರು. ಅನೇಕರು ಕ್ಯಾಮೆರಾದತ್ತ ನೇರವಾಗಿ ನೋಡುತ್ತಿಲ್ಲ. ನೋಡಲು ಅವರಿಗೆ ಕಣ್ಣಿರಲಿಲ್ಲ.

ಈಗ ಪರಿಸ್ಥಿತಿ ಬಹಳ ಬೇರೆ. ಪ್ರೊಲ್ಯಾಕ್ಟಿನ್ ಸ್ರವಿಸುವ ಪಿಟ್ಯುಟರಿ ಗಡ್ಡೆಗಳು ಬಹುಪಾಲು ಮಾತ್ರೆಯಲ್ಲೇ ಕುಗ್ಗುತ್ತವೆ. ಕ್ರೇನಿಯೊಫ್ಯಾರಿಂಜಿಯೋಮದಲ್ಲಿ ವಯಸ್ಕರಲ್ಲಿ ಕಾಣುವ ಒಂದು ಬಗೆಗೆ ಬಿ-ರಾಫ್ ಎಂಬ ಜೀನಿನ ದೋಷ ಕಾರಣವೆಂದು 2014ರಲ್ಲಿ ತಿಳಿಯಿತು. 2023ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಆ ದೋಷವನ್ನು ತಡೆಯುವ ಮಾತ್ರೆಗಳಿಂದ 16 ರೋಗಿಗಳಲ್ಲಿ 15 ಮಂದಿಯ ಗಡ್ಡೆ ಬಹಳಷ್ಟು ಕುಗ್ಗಿತು. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಬಗೆಗೆ ಈ ಮಾತ್ರೆ ನಾಟುವುದಿಲ್ಲ. ಅಲ್ಲಿ ಎಷ್ಟು ತೆಗೆಯಬೇಕು, ಎಷ್ಟನ್ನು ಬಿಟ್ಟು ವಿಕಿರಣಕ್ಕೆ ಒಪ್ಪಿಸಬೇಕು ಎಂಬ ಚರ್ಚೆ ನಡೆದೇ ಇದೆ. ಪೂರ್ತಿ ಕಿತ್ತು ಗೆದ್ದೆವೆಂದುಕೊಂಡ ಮಗು ಹೈಪೊಥಲಾಮಸ್‌ನ ಗಾಯದಿಂದ ತೀರದ ಹಸಿವಿಗೆ ಸಿಕ್ಕಿ ದಿನೇದಿನೇ ಊದುವುದನ್ನು ಕಂಡ ಮೇಲೆ ಬಹಳ ಮಂದಿ ಶಸ್ತ್ರವೈದ್ಯರ ಕೈ ಮೆತ್ತಗಾಗಿದೆ.

ಮಾಸ್ತರರ ಮಗನಿಗೆ ಈಗ ಐವತ್ತರ ಹತ್ತಿರ. 2012ರಲ್ಲಿ ಗಡ್ಡೆ ಮತ್ತೆ ತಲೆಯೆತ್ತಿತು. ಈ ಸಲ ಮೂಗಿನ ದಾರಿಯಲ್ಲೇ ಎಂಡೊಸ್ಕೋಪ್ ಹಾಕಿ ತೆಗೆದರು. ಉಳಿದ ಕಣ್ಣಿಗೆ ಏನೂ ಆಗಲಿಲ್ಲ. ದಿನಕ್ಕೆ ನಾಲ್ಕು ಬಗೆಯ ಮಾತ್ರೆ ನುಂಗುತ್ತಾನೆ, ಊರಿನ ಸಹಕಾರಿ ಸಂಘದಲ್ಲಿ ಲೆಕ್ಕ ಬರೆಯುತ್ತಾನೆ. ಅವನ ತಾಯಿ ಈಗಿಲ್ಲ. ಪ್ರತಿ ದೀಪಾವಳಿಗೆ ಅಡಿಕೆ ಹಾಳೆಯಲ್ಲಿ ಹೋಳಿಗೆ ಕಟ್ಟಿಕೊಂಡು ನಮ್ಮ ಮನೆಗೆ ಬರುತ್ತಾನೆ. ಬಾಗಿಲ ಬಳಿ ಒಂದು ಕ್ಷಣ ನಿಂತು, ತಲೆಯನ್ನು ಎಡಕ್ಕೂ ಬಲಕ್ಕೂ ತಿರುಗಿಸಿ ಚೌಕಟ್ಟು ನೋಡಿಕೊಂಡು, ಆಮೇಲೆ ಒಳಗೆ ಕಾಲಿಡುತ್ತಾನೆ.